ಕಾಲದ ದೀರ್ಘ

ಬೆಟಗೇರಿಯ ಸಮಾಧಿತೋಟದ ಮೂಲೆಯಲ್ಲಿ
ಅಪ್ಪನ ತಗಡಿನ ಶೆಡ್ಡು.
ಆಚೆ ಓಣಿಯಲ್ಲಿ ಮಗ್ಗ, ಈಚೆ ಉಳಿ.
ಎರಡೂ ಒಂದಕ್ಕೊಂದು ತಾಳ ತಪ್ಪಿಸುತ್ತ
ಬೆಳಗಿನಿಂದ ಬಾಯಿ ಮಾಡುತ್ತವೆ.
ಅಪ್ಪ ಮಾತ್ರ ಮಾತಾಡುವುದಿಲ್ಲ,
ತುಟಿಯ ನಡುವೆ ಸದಾ ಒಂದು ಪೆನ್ಸಿಲ್ಲು.

ಅವನು ಕೆತ್ತುವುದು
ಹೆಸರು, ಎರಡು ಇಸವಿ, ಒಂದು ವಚನ.
ಇಸವಿಗಳ ನಡುವಿನ ಗೆರೆಗೆ
ದುಡ್ಡು ಹಿಡಿಯುವುದಿಲ್ಲ.
"ಅದು ಅವರವರ ಬದುಕು. ನಾ ಬರೀ ಗೀರತೇನಿ."

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದೆ.
ಕಲ್ಲು ಅರೆದು, ಜರಡಿ ಹಿಡಿದು,
ಸಾಸಿವೆಗಿಂತ ಸಣ್ಣ ಜಿರ್ಕಾನ್ ಕಣ ಹೆಕ್ಕಿ
ಒಳಗಿನ ಯುರೇನಿಯಂ ಎಷ್ಟು ಸೀಸವಾಯಿತೆಂದು
ಲೆಕ್ಕ ಕೇಳುವುದು ಕಲಿತೆ.
ದೂರದೇಶದ ಭೂವಿಜ್ಞಾನಿಗಳ ಬಾಯಲ್ಲಿ
ಧಾರವಾಡವೆಂದರೆ ಊರಲ್ಲ, ಪೇಢೆಯಲ್ಲ,
ಭೂಮಿಯ ಎಳೆವಯಸ್ಸಿನ ಒಂದು ತುಂಡು ಚರ್ಮ
ಎಂದು ತಿಳಿದ ದಿನ
ಹಾಸ್ಟೆಲಿನ ಮೆಟ್ಟಿಲ ಮೇಲೆ ಒಬ್ಬಳೇ ನಕ್ಕಿದ್ದೆ.

ರಜೆಯಲ್ಲಿ ಸಂಡೆಸ್ಕೂಲು ನನ್ನ ಪಾಲಿಗೆ.
ಆದಿಕಾಂಡದ ಮೊದಲ ಪುಟ.
ಮೂರನೇ ದಿನ ಒಣನೆಲ ಕಾಣಿಸಿತು, ಎಂದೆ.
ಮುಂದಿನ ಸಾಲಿನ ಶಾರೋನ, ಹಲ್ಲು ಬಿದ್ದ ಪೋರಿ,
"ಅಕ್ಕಾರ, ನಮ್ಮ ಚರ್ಚಿನ ಮೆಟ್ಲಕಲ್ಲಿಗೆ ವಯಸ್ಸೆಷ್ಟ್ರೀ?"
ಸುಳ್ಳು ಹೇಳಲು ಬರಲಿಲ್ಲ.
"ಇನ್ನೂರೈವತ್ತು ಕೋಟಿ ವರ್ಷ. ಹೆಚ್ಚೂಕಮ್ಮಿ."
ಎಣಿಸಹೋದ ಪುಟ್ಟ ಬೆರಳುಗಳು ನಡುವೆಯೇ ನಿಂತವು.

ಸಂಜೆಯೊಳಗೆ ಸುದ್ದಿ ಮುಟ್ಟಿತು.
ಸಭೆಯ ಹಿರಿಯರು ನೆಹೆಮ್ಯ ಕಟ್ಟಿಮನಿ ಶೆಡ್ಡಿಗೇ ಬಂದರು,
ಕಂಕುಳಲ್ಲಿ ಬೈಬಲು. ಅದರ ಅಂಚಿನಲ್ಲಿ
ಆದಾಮನಿಂದ ಹಿಡಿದು ಅವರ ಅಜ್ಜ ಕೂಡಿಸಿಟ್ಟ
ಒಟ್ಟು: ಆರು ಸಾವಿರ, ಚಿಲ್ಲರೆ.
"ಗಮಲಿಯೇಲಪ್ಪಾ, ಮಗಳು ಕೋಟಿಗಟ್ಟಲೆ ಹೇಳ್ತಾಳ.
ದೇವರ ಮಾತು ಸುಳ್ಳೋ, ಈಕಿ ಸೀಸ ಸುಳ್ಳೋ?"

ಅರ್ಧಾಯು, ಅಳತೆಯ ದೋಷ, ಏನೇನೋ ಹೇಳಹೋದೆ.
ಮುದುಕರ ಕೈ ನಡುಗುತ್ತಿತ್ತು,
ಸಿಟ್ಟಿನಿಂದಲ್ಲ.
ಅಜ್ಜನ ಅಂಕಿ ಅಳಿಸಿದರೆ
ಹೆಂಡತಿ ಮಲಗಿದ ಮಣ್ಣಿಗೂ
ಮಾತು ಕೊಟ್ಟವರಿಲ್ಲದಂತಾದೀತು ಎಂಬ ಅಂಜಿಕೆ.
ಅದು ನನಗೂ ಗೊತ್ತು.
ಒಂದು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿ
ಇಷ್ಟು ಕೋಟಿ ವರ್ಷದಾಚೆ ಯಾರಿಗೆ ಕೇಳಿಸೀತು ಎಂದು
ಆಮೆನ್ ಅನ್ನದೆ ಎದ್ದದ್ದಿದೆ.

ಅಪ್ಪ ಪೆನ್ಸಿಲ್ಲು ತೆಗೆದ.
"ಬರ್ರಿ" ಎಂದು ಮುಂದೆ ನಡೆದ.
ಹುಣಸೆಯ ಕೆಳಗೆ ದೋರ್ಕಾಬಾಯಿಯ ಕಲ್ಲು,
ಅವನು ಹತ್ತೊಂಬತ್ತರ ಹುಡುಗನಿದ್ದಾಗ ಕೆತ್ತಿದ್ದು.
ಮನುಷ್ಯನ ಕಾಲವೆಲ್ಲ ಕರ್ತನ ಕೈಯಲ್ಲಿ ಎಂಬರ್ಥದ ಕೀರ್ತನೆ.
ಹಾವಸೆ ಉಜ್ಜಿ ತೋರಿಸಿದ.
ಕಾಲ ಅಲ್ಲ.
ಕಲ.

"ದೀರ್ಘ ಬಿಟ್ಟೇನಿ.
ನಲವತ್ತು ವರ್ಷ ಆತು. ಬಂದವರೆಲ್ಲಾ ಓದ್ತಾರ,
ಕಾಲ ಅಂತನ ಓದ್ತಾರ, ಒಬ್ರೂ ಹೇಳಿಲ್ಲ.
ಬರಿಸಿದವನ ತಪ್ಪಲ್ಲ ಹಿರ್ಯಾರ.
ನನ್ನ ಕೈ ಸಣ್ಣದಿತ್ತು, ಜಾಗಾ ಸಾಲಲಿಲ್ಲ."

ಹಿರಿಯರು ಕುಕ್ಕರಗಾಲಲ್ಲಿ ಕೂತರು.
ಆ ಎರಡಕ್ಷರದ ನಡುವೆ ಬೆರಳಿಟ್ಟು
ಬಹಳ ಹೊತ್ತು ಹುಡುಕಿದರು.
"ಈ ಕಲ್ಲಿಗೂ ಅಷ್ಟ ವಯಸ್ಸೇನವಾ?"
ಹೌದೆಂದೆ.
ದೊಡ್ಡವರಿಗೆ ಕಾಲು ತಾಗಿಸಿದ ಹುಡುಗನಂತೆ
ಬೆರಳು ಹಿಂದಕ್ಕೆಳೆದುಕೊಂಡರು.
ಒಪ್ಪಿದರೆಂದಲ್ಲ. ಗೇಟಿನ ತನಕ ಹೋಗಿ ತಿರುಗಿ
"ನನ್ನ ಕಲ್ಲಿನಾಗ ಜಾಗಾ ನೋಡಿ ಬರಿಯೋ ಮಾರಾಯಾ" ಎಂದರು.

ಮರು ಭಾನುವಾರ ಶಾರೋನಳ ಫ್ರಾಕಿನ ಕಿಸೆ ತುಂಬ ಹರಳು.
ಒಂದೊಂದೇ ಮೇಜಿಗಿಟ್ಟು ವಯಸ್ಸು ಕೇಳಿದಳು.
ಕೋಟಿ, ಕೋಟಿ, ಮತ್ತೆ ಕೋಟಿ.
ನಡುವೆ ಒಂದು ಇಟ್ಟಿಗೆಚೂರು.
ಇದು ಹೋದ ವರ್ಷದ್ದು, ಎಂದೆ.
"ನನಗಿಂತ ಸಣ್ಣದು!"
ಅದೊಂದನ್ನು ಫೂ ಎಂದು ಊದಿ, ಒರೆಸಿ,
ವಾಪಸು ಕಿಸೆಗೆ ಹಾಕಿಕೊಂಡಳು.